ಶೆಡ್ಡಿನ ಕಟ್ಟೆ: 0.46 ಆಂಪ್ ಎಲ್ಲಿಗೆ ಹೋಗ್ತಿದೆ?

ಪ್ರಶ್ನೆ: ನಾನು ನಿವೃತ್ತ ವಿಜ್ಞಾನ ಶಿಕ್ಷಕ. ನನ್ನದು 11 ವರ್ಷದ ಸಣ್ಣ ಪೆಟ್ರೋಲ್ ಕಾರು. 8 ತಿಂಗಳಲ್ಲಿ ಎರಡು ಹೊಸ ಬ್ಯಾಟರಿ ಹಾಕಿಸಿದ್ದೇನೆ. ಎರಡಕ್ಕೂ ಒಂದೇ ಗತಿ. ಹೊಸದರಲ್ಲಿ ಎರಡು ದಿನ ನಿಲ್ಲಿಸಿದರೆ ಮೂರನೇ ಬೆಳಗ್ಗೆ ಸೆಲ್ಫ್ ಹೊಡೆಯುತ್ತಿರಲಿಲ್ಲ. ಈಗೀಗ ಒಂದೇ ರಾತ್ರಿಗೆ ಸುಸ್ತು. ಕೀ ತಿರುಗಿಸಿದರೆ ‘ಟಿಕ್ ಟಿಕ್’ ಅನ್ನುತ್ತದೆ ಅಷ್ಟೇ. ಬೀದಿಯ ಹುಡುಗರು ನೂಕಿ ನೂಕಿ ಸಾಕಾಗಿ, ಈಗ ನನ್ನನ್ನು ಕಂಡರೆ ಒಳಗೆ ಹೋಗುತ್ತಾರೆ. ಸರ್ವಿಸ್‌ನವರು ಮೂರನೇ ಬ್ಯಾಟರಿ ಹಾಕಿ ಅನ್ನುತ್ತಿದ್ದಾರೆ. ಕಳೆದ ವರ್ಷ ಗುಂಡಿ ಸರ್ಕಲ್ ಹತ್ತಿರ ಹಿಂದಿನಿಂದ ಆಟೋ ಗುದ್ದಿ ಟಿಂಕರಿಂಗ್ ಮಾಡಿಸಿದ್ದು ಬಿಟ್ಟರೆ ಗಾಡಿಗೆ ಬೇರೇನೂ ಆಗಿಲ್ಲ. ಮಗನ ಮಲ್ಟಿಮೀಟರ್ ಸಿಕ್ಕಿತು. ಎಲ್ಲ ಲೈಟು ಆಫ್ ಮಾಡಿ ಬ್ಯಾಟರಿಯ ಮೈನಸ್ ಕಡೆ ಮೀಟರ್ ಸೇರಿಸಿ ನೋಡಿದೆ. ಮೊದಲು ಸುಮಾರು 2 ಆಂಪ್ ತೋರಿಸಿತು. ಇಪ್ಪತ್ತು ನಿಮಿಷದ ಮೇಲೆ 0.46ಕ್ಕೆ ಇಳಿದು ಅಲ್ಲೇ ನಿಂತಿತು. ಇದು ಜಾಸ್ತಿಯೋ, ಕಡಿಮೆಯೋ?
— ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಮೇಷ್ಟ್ರೇ, ಮೊದಲು ನಿಮಗೊಂದು ನಮಸ್ಕಾರ. ಪಿ.ಬಿ. ರೋಡಿನ ಶೆಡ್‌ಗಳಲ್ಲಿ ಮೂವತ್ತು ವರ್ಷದಿಂದ ವೈರ್ ಹಿಡಿದು ಕೂತಿದ್ದೇನೆ. ಈ ಅಂಕಣಕ್ಕೂ ರಾಶಿ ಪತ್ರ ಬರುತ್ತವೆ. ‘ಬ್ಯಾಟರಿ ಡೌನ್ ಆಗುತ್ತೆ, ಯಾವ ಕಂಪನಿಯದು ಹಾಕಿಸಲಿ’ ಅಂತ ಕೇಳುವವರೇ ಜಾಸ್ತಿ. ನಿಮ್ಮ ಹಾಗೆ ಅಳತೆ ಮಾಡಿ ಬರೆಯುವವರು ಬಹಳ ಕಡಿಮೆ.

0.46 ಜಾಸ್ತಿ. ಬಹಳ ಜಾಸ್ತಿ. ನಿಂತ ಗಾಡಿಯೂ ಒಂಚೂರು ಕರೆಂಟ್ ಕುಡಿಯುತ್ತದೆ. ಗಡಿಯಾರ ಓಡಬೇಕು, ರಿಮೋಟ್ ಲಾಕ್ ಕಿವಿ ತೆರೆದಿರಬೇಕು, ಕಂಪ್ಯೂಟರ್‌ಗೆ ನೆನಪು ಉಳಿಯಬೇಕು. ಇದಕ್ಕೆಲ್ಲ 0.02ರಿಂದ 0.05 ಆಂಪ್ ಸಾಕು. ನಿಮ್ಮದು ಅದರ ಹತ್ತು ಪಟ್ಟು.

ಈಗ ನಿಮ್ಮ ವಿಷಯಕ್ಕೇ ಬರುತ್ತೇನೆ. ಲೆಕ್ಕದಲ್ಲಿ ನಾನು ಹಿಂದಿನ ಬೆಂಚು, ತಪ್ಪಿದ್ದರೆ ತಿದ್ದಿ. ನಿಮ್ಮಂಥ ಕಾರಿಗೆ ಸಾಮಾನ್ಯವಾಗಿ 35 ಆಂಪ್ ಅವರ್ ಬ್ಯಾಟರಿ ಇರುತ್ತದೆ, ಅಂದರೆ ಲೆಕ್ಕಕ್ಕೆ 1 ಆಂಪ್‌ನಂತೆ 35 ಗಂಟೆ ಕೊಡುವಂಥದ್ದು. 0.46 ಆಂಪ್ ದಿನಪೂರ್ತಿ ಹರಿದರೆ 24 ಗಂಟೆಗೆ 11 ಆಂಪ್ ಅವರ್. ಎರಡು ದಿನಕ್ಕೆ 22. ಮೂರನೇ ಬೆಳಗ್ಗೆ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಉಳಿದಿರುತ್ತದೆ. ಅಷ್ಟರಲ್ಲಿ ರೇಡಿಯೋ ಹಾಡುತ್ತದೆ, ಸೆಲ್ಫ್ ಮೋಟರ್ ತಿರುಗುವುದಿಲ್ಲ. ಅದಕ್ಕೆ ಒಂದೇ ಏಟಿಗೆ 100 ಆಂಪ್‌ಗಿಂತ ಜಾಸ್ತಿ ಬೇಕು. ‘ಮೂರನೇ ಬೆಳಗ್ಗೆ’ ಅಂತ ನೀವು ಬರೆದಿದ್ದಕ್ಕೂ ಮೀಟರ್ ಹೇಳಿದ್ದಕ್ಕೂ ಸರಿಯಾಗಿ ತಾಳೆ ಆಯಿತು ನೋಡಿ. ಬ್ಯಾಟರಿ ಕೆಟ್ಟಿರಲಿಲ್ಲ. ಯಾರೋ ಕದಿಯುತ್ತಿದ್ದರು.

ಕಳ್ಳ ಯಾರು ಅನ್ನೋದನ್ನೂ ನಿಮ್ಮ ಮೀಟರೇ ಅರ್ಧ ಹೇಳಿಬಿಟ್ಟಿದೆ. 0.46ರಲ್ಲಿ ಗಾಡಿಯ ನ್ಯಾಯವಾದ ಪಾಲು 0.04 ಕಳೆಯಿರಿ. ಉಳಿದದ್ದು 0.42. ಅದನ್ನು 12 ವೋಲ್ಟ್‌ನಿಂದ ಗುಣಿಸಿ. 5 ವ್ಯಾಟ್. ಕಾರಿನಲ್ಲಿ 5 ವ್ಯಾಟ್ ಅಂದರೆ ಒಂದು ಚಿಕ್ಕ ಬಲ್ಬ್. ರೂಮ್ ಲೈಟು ಉರಿದರೆ ನಿಮ್ಮ ಕಣ್ಣಿಗೇ ಬೀಳುತ್ತಿತ್ತು. ನಂಬರ್ ಪ್ಲೇಟ್ ಲೈಟು ಉರಿದರೆ ಪಕ್ಕದ ಮನೆಯವರು ಬೆಲ್ ಒತ್ತಿ ಹೇಳುತ್ತಿದ್ದರು. ಯಾರಿಗೂ ಕಾಣದ ಜಾಗದಲ್ಲಿ ಉರಿಯುವ ಬಲ್ಬ್ ಯಾವುದು? ಡಿಕ್ಕಿಯೊಳಗಿನದು. ಹಿಂದಿನಿಂದ ಆಟೋ ಗುದ್ದಿ ಟಿಂಕರಿಂಗ್ ಆಯಿತು ಅಂದಿರಲ್ಲ, ಆ ಸಾಲು ಓದಿದ ಕೂಡಲೇ ನನಗೆ ಅನುಮಾನ ಅಲ್ಲೇ ಹೋಯಿತು. ಡಿಕ್ಕಿ ಬಾಗಿಲು ಒಂದೆರಡು ಮಿಲಿಮೀಟರ್ ಆಚೀಚೆ ಕೂತಿದ್ದರೂ ಸಾಕು. ಬಾಗಿಲು ಲಾಕ್ ಆಗುತ್ತದೆ, ಲೈಟಿನ ಸ್ವಿಚ್ ಮಾತ್ರ ಪೂರ್ತಿ ಒತ್ತುವುದಿಲ್ಲ. ಹೊಸ ಗಾಡಿಗಳಲ್ಲಿ ಸ್ವಲ್ಪ ಹೊತ್ತಿನ ಮೇಲೆ ಇಂಥ ಲೈಟನ್ನು ಗಾಡಿಯೇ ಆರಿಸಿಬಿಡುವ ಏರ್ಪಾಡು ಇರುತ್ತದೆ. ಹಳೆಯವಕ್ಕೆ ಆ ಬುದ್ಧಿ ಕಡಿಮೆ.

ನೋಡೋದು ಸುಲಭ. ಮೊಬೈಲ್‌ನಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿಯಲ್ಲಿಟ್ಟು ಬಾಗಿಲು ಮುಚ್ಚಿ. ಒಂದು ನಿಮಿಷ ಬಿಟ್ಟು ತೆಗೆದು ನೋಡಿ. ಕತ್ತಲೆ ಬಂದರೆ ಆ ಬಲ್ಬ್ ನಿರ್ದೋಷಿ. ಆಮೇಲೆ ಡ್ಯಾಶ್‌ಬೋರ್ಡಿನ ಗ್ಲೋವ್ ಬಾಕ್ಸ್‌ನಲ್ಲಿ ಲೈಟ್ ಇದ್ದರೆ ಅಲ್ಲೂ ಹೀಗೇ ಮಾಡಿ. ಬೆಳಕು ಕಂಡರೆ ಬಲ್ಬ್ ಕಿತ್ತು ಮತ್ತೆ ಮೀಟರ್ ಹಾಕಿ. 0.04ಕ್ಕೆ ಇಳಿಯಬೇಕು. ಇಳಿದರೆ ಸ್ವಿಚ್ ಸರಿ ಮಾಡಿಸಿ, ಇಲ್ಲವೇ ಬಲ್ಬ್ ಇಲ್ಲದೇ ಓಡಿಸಿ. ಡಿಕ್ಕಿಯಲ್ಲಿ ಕತ್ತಲಿದ್ದರೆ ಯಾರಿಗೂ ನಷ್ಟವಿಲ್ಲ.

ಇಷ್ಟು ಜೋರಾಗಿ ಹೇಳ್ತಿದ್ದಾನಲ್ಲ ಅನ್ನಬೇಡಿ. ಇದೇ ಬಲ್ಬಿನ ಕೈಲಿ ನಾನೂ ಏಟು ತಿಂದಿದ್ದೇನೆ. ಇಪ್ಪತ್ತು ವರ್ಷದ ಹಿಂದೆ ಪಿ.ಜೆ. ಬಡಾವಣೆಯ ಡಾಕ್ಟರೊಬ್ಬರ ಕಾರು ಬಂತು. ನಾನು ನೋಡಿದವನೇ ‘ಬ್ಯಾಟರಿ ಹೋಗಿದೆ ಸಾರ್’ ಅಂದೆ. ಹಾಕಿದೆ. ಎರಡು ತಿಂಗಳಿಗೆ ಮತ್ತೆ ಬಂತು. ‘ಈ ಪೀಸೇ ಸರಿ ಇಲ್ಲ’ ಅಂತ ವಾರಂಟಿಯಲ್ಲಿ ಇನ್ನೊಂದು ಹಾಕಿದೆ. ಮೂರನೇ ಸಲ ಡಾಕ್ಟರ್ ಫೋನ್ ಮಾಡಿ, ‘ಏನಪ್ಪಾ, ನಿನ್ನ ಬ್ಯಾಟರಿಗೆ ಮತ್ತೆ ಲೋ ಬಿಪಿ. ಪೇಶೆಂಟ್ ನೋಡದೇನೇ ಮಾತ್ರೆ ಬರೀತೀಯಲ್ಲ’ ಅಂದರು. ಅವತ್ತು ಮೀಟರ್ ಹಿಡಿದು ಕೂತೆ. ಅರ್ಧ ಆಂಪ್ ಹೋಗ್ತಿದೆ, ಎಲ್ಲಿಗೆ ಅಂತ ಗೊತ್ತಾಗ್ತಿಲ್ಲ. ವಿಡಿಯೋ ತೆಗೆಯುವ ಫೋನು ಆಗ ನನ್ನ ಹತ್ತಿರ ಎಲ್ಲಿತ್ತು? ಶೆಡ್ಡಿನಲ್ಲಿದ್ದ ತೆಳ್ಳನೆ ಹುಡುಗ ತಾನೇ ಡಿಕ್ಕಿಯೊಳಗೆ ಮುದುರಿ ಮಲಗಿದ. ಬಾಗಿಲು ಮುಚ್ಚಿದೆ. ಒಳಗಿಂದ ಕೂಗಿದ: ‘ಅಣಾ, ಇಲ್ಲಿ ಹಗಲಾದಂಗೈತಣಾ!’ ಈಗ ಅವನದೇ ಶೆಡ್ ಇದೆ, ನನಗಿಂತ ಜಾಸ್ತಿ ಗಿರಾಕಿ. ನೀವು ಮಾತ್ರ ಮೊಬೈಲೇ ಇಡಿ, ಮೊಮ್ಮಕ್ಕಳನ್ನು ಕೂರಿಸಬೇಡಿ.

ಈಗ ಒಂದೇ ರಾತ್ರಿಗೆ ಯಾಕೆ ಡೌನ್ ಆಗ್ತಿದೆ? ಸೀಸದ ಬ್ಯಾಟರಿಯನ್ನು ಖಾಲಿ ಮಾಡಿ ಹಾಗೇ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಬಿಳಿ ಉಪ್ಪಿನಂಥ ಪದರ ಗಟ್ಟಿಯಾಗುತ್ತದೆ. ಸಲ್ಫೇಟ್ ಅದು, ನಿಮಗೆ ನಾನು ಹೇಳಬೇಕೇ! ಒಮ್ಮೆ ಗಟ್ಟಿಯಾದ ಜಾಗ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. 35 ಲೀಟರ್ ಕೊಡ ಹೂಳು ತುಂಬಿ 15 ಲೀಟರ್ ಆದ ಹಾಗೆ. ಹಾಗಾಗಿ ಕಳ್ಳನನ್ನು ಹಿಡಿದ ಮೇಲೆ ಬ್ಯಾಟರಿಗೂ ಒಂದು ಪರೀಕ್ಷೆ ಮಾಡಿ. ಇಳಿಸಿ, ಬ್ಯಾಟರಿ ಅಂಗಡಿಯಲ್ಲಿ ನಿಧಾನ ಚಾರ್ಜ್‌ಗೆ ಹಾಕಿಸಿ. 35ರ ಬ್ಯಾಟರಿಗೆ 3.5 ಆಂಪ್, ಹತ್ತು ಹನ್ನೆರಡು ಗಂಟೆ. ಅರ್ಜೆಂಟ್ ಚಾರ್ಜ್ ಬೇಡ, ಪ್ಲೇಟು ಬಿಸಿಯಾಗುತ್ತದೆ. ಆಮೇಲೆ ನಾಲ್ಕೈದು ಗಂಟೆ ಸುಮ್ನೆ ಇಟ್ಟು ವೋಲ್ಟ್ ನೋಡಿ. 12.6 ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ಹೆಚ್ಚುಕಮ್ಮಿ ಖಾಲಿ. ಕಾರಿಗೆ ಕೂರಿಸಿ, ಮನೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ, ಆ ಹೊತ್ತಿನಲ್ಲಿ ಬ್ಯಾಟರಿ ಮೇಲೆ ವೋಲ್ಟ್ ನೋಡಿ. 9.6ರ ಮೇಲೆ ನಿಂತರೆ ಇನ್ನೂ ಜೀವ ಇದೆ. 8, 7 ಅಂತ ಕುಸಿದರೆ ಆಗ ಮಾತ್ರ ಮೂರನೆಯದು ತಗೊಳ್ಳಿ. ಗಾಡಿ ಸ್ಟಾರ್ಟ್ ಆದ ಮೇಲೆ 13.8ರಿಂದ 14.5ರೊಳಗೆ ತೋರಿಸಿದರೆ, ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಡೈನಮೋ ಚೆನ್ನಾಗಿದೆ.

ಮೇಷ್ಟ್ರು ಮಾಡಿದ ಅಳತೆಯನ್ನು ಬೇರೆಯವರೂ ಮಾಡಬಹುದು. ಆದರೆ ನಾಲ್ಕು ಮಾತು ಕೇಳಿಸಿಕೊಂಡು ಮಾಡಿ. ಕೆಂಪು ವೈರನ್ನು ಮೀಟರಿನ 10 ಆಂಪ್ ತೂತಿಗೆ ಹಾಕಬೇಕು. ಬಾನೆಟ್ ತೆರೆದು, ಡ್ರೈವರ್ ಬಾಗಿಲು ತೆರೆದು, ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ‘ಮುಚ್ಚಿದೆ’ ಅಂತ ಗಾಡಿಯನ್ನು ನಂಬಿಸಿ. ಹೀಗೆ ಮಾಡಿದರೆ ಫ್ಯೂಸ್ ಕೀಳಲು ಮತ್ತೆ ಬಾಗಿಲು ತೆಗೆಯಬೇಕಿಲ್ಲ. ಕೀಯನ್ನು ಮನೆಯೊಳಗಿಟ್ಟು ಬನ್ನಿ. 10ನೇ ನಂಬರ್ ಸ್ಪ್ಯಾನರ್‌ನಲ್ಲಿ ಮೈನಸ್ ಟರ್ಮಿನಲ್ ಸಡಿಲ ಮಾಡಿ ತೆಗೆಯಿರಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ, ಇನ್ನೊಂದು ಬಿಚ್ಚಿದ ಕೇಬಲ್‌ಗೆ. ಆಮೇಲೆ ಟೀ ಕುಡಿದು ಬನ್ನಿ. ನಿಜವಾಗಿ ಹೇಳ್ತಿದ್ದೇನೆ. ಗಾಡಿಯೊಳಗಿನ ಕಂಪ್ಯೂಟರ್‌ಗಳು ಮಲಗಲು ಹತ್ತು ನಿಮಿಷದಿಂದ ಅರ್ಧ ಗಂಟೆ ಬೇಕು, ಕೆಲವು ಹೊಸ ಗಾಡಿಗಳಿಗೆ ಇನ್ನೂ ಜಾಸ್ತಿ. ಎಚ್ಚರ ಇದ್ದಾಗಿನ 2 ಆಂಪ್ ನೋಡಿ ‘ವೈರಿಂಗೇ ಶಾರ್ಟ್’ ಅಂತ ಬಿಚ್ಚಿ ಹಾಕುವ ಮೆಕ್ಯಾನಿಕ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಮೀಟರ್ ಮಧ್ಯದಲ್ಲಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ. ಮೀಟರಿನ ಫ್ಯೂಸ್ ಹಾರುತ್ತದೆ. ನಮ್ಮ ಶೆಡ್ಡಿನಲ್ಲಿ ಹಾಗೆ ಹಾರಿದ ಫ್ಯೂಸ್‌ಗಳದೇ ಒಂದು ಡಬ್ಬಿ ಇದೆ.

ಓದಿದ ಅಂಕಿ 0.05ಕ್ಕಿಂತ ಸಿಕ್ಕಾಪಟ್ಟೆ ಜಾಸ್ತಿ ಇದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು, ಮತ್ತೆ ಹಾಕುತ್ತಾ ಹೋಗಿ. ಯಾವುದನ್ನು ಕಿತ್ತಾಗ ಅಂಕಿ ಧೊಪ್ಪಂತ ಬೀಳುತ್ತದೋ ಆ ದಾರಿಯಲ್ಲಿ ಕಳ್ಳ ಇದ್ದಾನೆ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಅವನು ಕಂಪನಿ ಕೂರಿಸಿದವನಲ್ಲ, ಆಮೇಲೆ ನಾವು ಕೂರಿಸಿಕೊಂಡವನು. ಮ್ಯೂಸಿಕ್ ಸಿಸ್ಟಮ್ ನೋಡಿ. ಹಳದಿ ವೈರು ಸದಾ ಕರೆಂಟ್ ಇರುವ ಕಡೆಗೆ, ಕೆಂಪು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಕಡೆಗೆ ಹೋಗಬೇಕು. ಬೇಗ ಮುಗಿಸಬೇಕು ಅಂತ ಎರಡನ್ನೂ ಹೊಸೆದು ಒಂದೇ ಟೇಪ್ ಸುತ್ತುತ್ತಾರೆ. ಪರದೆ ಆರಿರುತ್ತದೆ, ಒಳಗೆ ರಾತ್ರಿಯಿಡೀ ಎಚ್ಚರ.

ಪ್ರಶ್ನೆ: ನನ್ನದು ಬಾಡಿಗೆಗೆ ಓಡುವ ಡೀಸೆಲ್ ಗಾಡಿ. ಒಂದು ದಿನ ಬಾಡಿಗೆ ಇಲ್ಲದೆ ನಿಂತರೆ ಮಾರನೇ ಬೆಳಗ್ಗೆ ಸೆಲ್ಫ್ ಎಳೆಯುವುದಿಲ್ಲ. ಮೀಟರ್ ಹಾಕಿದರೆ 1.2 ಆಂಪ್. ಒಳಗಿನ, ಹೊರಗಿನ ಎಲ್ಲ ಸಣ್ಣ ಫ್ಯೂಸ್ ಕಿತ್ತು ನೋಡಿದೆವು, ಒಂದಿಷ್ಟೂ ಇಳಿಯಲಿಲ್ಲ. ಎರಡು ತಿಂಗಳ ಹಿಂದೆ ಹಿರಿಯೂರು ಹತ್ತಿರ ಹೈವೇಯಲ್ಲಿ ನಿಂತಾಗ ಲಾರಿಯವರೊಬ್ಬರು ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿಸಿದ್ದರು. ಅಲ್ಲಿಂದಲೇ ಶುರು.
— ಓದುಗರು, ಚಿತ್ರದುರ್ಗ

ಉತ್ತರ: ಅಣ್ಣಾ, ಪುಣ್ಯಕ್ಕೆ ಗಾಡಿಯ ಕಂಪ್ಯೂಟರ್ ಉಳಿದಿದೆ. ಲಾರಿಯಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್. ನಿಮ್ಮದು 12. ಅವರು ಒಳ್ಳೆ ಮನಸ್ಸಿನಿಂದಲೇ ಕೊಟ್ಟಿರುತ್ತಾರೆ, ಆದರೆ ಆ ಏಟಿಗೆ ಡೈನಮೋದ ಡಯೋಡ್ ಸುಟ್ಟಿರುವ ಅನುಮಾನ ನನಗೆ. ಕೇಬಲ್ ಉಲ್ಟಾ ಹಿಡಿದರೂ ಇದೇ ಆಗುತ್ತದೆ. ಡಯೋಡ್ ಅಂದರೆ ಕರೆಂಟ್‌ಗೆ ಒನ್ ವೇ ಗೇಟು. ಡೈನಮೋದಿಂದ ಬ್ಯಾಟರಿಗೆ ಬಿಡುತ್ತದೆ, ವಾಪಸ್ ಬಿಡುವುದಿಲ್ಲ. ಗೇಟು ಮುರಿದರೆ ನಿಂತ ಗಾಡಿಯಲ್ಲಿ ಬ್ಯಾಟರಿಯೇ ಡೈನಮೋಗೆ ಕರೆಂಟ್ ಕೊಡುತ್ತಾ ಕೂರುತ್ತದೆ. ಆ ದಪ್ಪ ವೈರು ಸಣ್ಣ ಫ್ಯೂಸ್‌ಗಳ ದಾರಿಯಲ್ಲಿ ಬರುವುದೇ ಇಲ್ಲ. ನೀವು ಎಷ್ಟು ಕಿತ್ತರೂ ಅಂಕಿ ಅಲ್ಲಾಡಲಿಲ್ಲ ಅಂದದ್ದು ಅದಕ್ಕೇ.

ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಇಂಜಿನ್ ತಣ್ಣಗಿರುವಾಗ, ಡೈನಮೋ ಮೈ ಮೇಲೆ ಕೈಯಿಡಿ. ಜೋಗಿಮಟ್ಟಿ ಕಡೆಯ ಗಾಳಿಗೆ ನಿಮ್ಮೂರಲ್ಲಿ ರಾತ್ರಿಯಿಡೀ ಹೊರಗೆ ನಿಂತ ಕಬ್ಬಿಣ ತಣ್ಣಗೆ ಕೊರೆಯಬೇಕು. ಡೈನಮೋ ಮಾತ್ರ ಹದವಾಗಿ ಬೆಚ್ಚಗಿದ್ದರೆ, ಆಸಾಮಿ ಅವನೇ. ಖಾತ್ರಿ ಬೇಕಾದರೆ ಮೊದಲು ಬ್ಯಾಟರಿಯ ಮೈನಸ್ ತೆಗೆದು, ಆಮೇಲೆ ಡೈನಮೋ ಹಿಂದಿನ ದಪ್ಪ ವೈರಿನ ನಟ್ ಬಿಚ್ಚಿ, ವೈರಿನ ತುದಿಗೆ ಚೆನ್ನಾಗಿ ಟೇಪ್ ಸುತ್ತಿ. ಮತ್ತೆ ಮೈನಸ್ ಕಡೆ ಮೀಟರ್ ಸೇರಿಸಿ ನೋಡಿ. 1.2 ಇದ್ದದ್ದು ಮಾಮೂಲಿಗೆ ಬಂದರೆ ಮುಗಿಯಿತು. ಬರಲಿಲ್ಲ ಅಂದರೆ ಸೆಲ್ಫ್ ಮೋಟರಿನ ದಪ್ಪ ಕೇಬಲ್ ಕಡೆ ಹುಡುಕಬೇಕು. ಮೈನಸ್ ತೆಗೆಯದೆ ಡೈನಮೋಗೆ ಸ್ಪ್ಯಾನರ್ ಹಾಕಬೇಡಿ. ಆ ನಟ್ಟಿನಲ್ಲಿ ಸದಾ ಕರೆಂಟ್ ಇರುತ್ತದೆ. ಸ್ಪ್ಯಾನರ್ ಪಕ್ಕದ ಲೋಹಕ್ಕೆ ತಾಗಿದರೆ ಅಲ್ಲೇ ವೆಲ್ಡಿಂಗ್.

‘ಪೂರ್ತಿ ಡೈನಮೋ ಬದಲಿಸಿ’ ಅಂದರೆ ಒಪ್ಪುವ ಮೊದಲು ಇನ್ನೊಬ್ಬರ ಹತ್ತಿರ ಕೇಳಿ. ಎಷ್ಟೋ ಗಾಡಿಗಳಿಗೆ ಡಯೋಡ್ ಪ್ಲೇಟ್ ಒಂದೇ ಬೇರೆ ಸಿಗುತ್ತದೆ. ಡೈನಮೋ ಬಿಚ್ಚಿ ಕಟ್ಟುವ ಹಳೇ ಕೈಗಳು ದುರ್ಗದಲ್ಲೂ ಇದ್ದಾರೆ, ದಾವಣಗೆರೆಯಲ್ಲೂ ಇದ್ದಾರೆ.

ಇನ್ನು ಮುಂದೆ ಕೇಬಲ್ ಹಾಕುವಾಗ ಇನ್ನೊಂದು ಕಾರಿನಿಂದಲೇ ಹಾಕಿಸಿ. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಚೆನ್ನಾಗಿರುವುದರ ಪ್ಲಸ್‌ಗೆ. ಕಪ್ಪು ಚೆನ್ನಾಗಿರುವುದರ ಮೈನಸ್‌ಗೆ, ಅದರ ಕೊನೆಯ ತುದಿ ಸತ್ತ ಗಾಡಿಯ ಇಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ತುದಿ ತಾಗುವಾಗ ಕಿಡಿ ಹಾರುತ್ತದೆ, ಬ್ಯಾಟರಿ ಸುತ್ತ ಹೈಡ್ರೋಜನ್ ಗ್ಯಾಸ್ ಇರಬಹುದು. ಬ್ಯಾಟರಿ ಮೇಲೆ ಬಗ್ಗಿಕೊಂಡು ಬೀಡಿ ಹಚ್ಚುವವರನ್ನೂ ಕಂಡಿದ್ದೇನೆ, ಅವರಿಗೆ ಕೈ ಮುಗಿದು ಹೇಳುವುದೂ ಇದನ್ನೇ.

ಪ್ರಶ್ನೆ: ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮನೆಯಿಂದ ಕಾಲೇಜಿಗೆ 2 ಕಿಲೋಮೀಟರ್ ಅಷ್ಟೇ. ಮೂರು ವರ್ಷದ ಕಾರು, ಸಿಗ್ನಲ್‌ನಲ್ಲಿ ನಿಂತರೆ ತಾನೇ ಆಫ್ ಆಗುವಂಥದ್ದು. ಈಚೆಗೆ ಆ ಆಫ್ ಆಗುವುದೇ ನಿಂತಿದೆ, ಬೆಳಗ್ಗೆ ಸೆಲ್ಫ್ ಕೂಡ ಮೆಲ್ಲಗೆ ಎಳೆಯುತ್ತದೆ. ‘ದಿನಾ ರಾತ್ರಿ ಟರ್ಮಿನಲ್ ಕಿತ್ತಿಡು’ ಅಂತಾರೆ ನಮ್ಮ ಮಾವ. ಮಾಡಬಹುದೇ?
— ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಮಾವನವರ ಕಾಲದ ಗಾಡಿಗೆ ಅದು ಸರಿ ಮೇಡಂ. ಈಗಿನದಕ್ಕೆ ದಿನಾ ಕಿತ್ತರೆ ಗಡಿಯಾರ, ಕಿಟಕಿ, ಮ್ಯೂಸಿಕ್ಕು ಎಲ್ಲಕ್ಕೂ ದಿನಾ ಪಾಠ ಹೇಳಬೇಕಾಗಬಹುದು. ಟರ್ಮಿನಲ್ ಕೂಡ ಸವೆದು ಸಡಿಲ ಆಗುತ್ತದೆ. ಹದಿನೈದು ದಿನ, ತಿಂಗಳು ಊರಿಗೆ ಹೋಗುವಾಗ ಮೈನಸ್ ತೆಗೆದಿಡಿ, ಸಾಕು. ಇಂಜಿನ್ ಓಡುತ್ತಿರುವಾಗ ಮಾತ್ರ ಯಾರು ಹೇಳಿದರೂ ಟರ್ಮಿನಲ್ ಕೀಳಬೇಡಿ. ‘ಡೈನಮೋ ಚೆಕ್’ ಅಂತ ಹಳಬರು ಹಾಗೆ ಮಾಡುತ್ತಿದ್ದರು, ಈಗ ಮಾಡಿದರೆ ಕಂಪ್ಯೂಟರ್ ಹೋಗಬಹುದು.

ನಿಮ್ಮ ಗಾಡಿಯಲ್ಲಿ ಕಳ್ಳ ಇಲ್ಲ ಅನಿಸುತ್ತದೆ. ಸಂಬಳಕ್ಕಿಂತ ಖರ್ಚು ಜಾಸ್ತಿ ಆಗಿದೆ. ಸೆಲ್ಫ್ ಹೊಡೆದು ಖರ್ಚಾದದ್ದನ್ನು 2 ಕಿಲೋಮೀಟರ್‌ನಲ್ಲಿ, ಅದೂ ಎಸಿ, ಲೈಟು, ಫ್ಯಾನ್ ಹಾಕಿಕೊಂಡು, ಡೈನಮೋ ಪೂರ್ತಿ ತುಂಬಿಕೊಡಲಾರದು. ಸಿಗ್ನಲ್‌ನಲ್ಲಿ ಆಫ್ ಆಗುವುದನ್ನು ಗಾಡಿ ನಿಲ್ಲಿಸಲು ಕಾರಣ ಬೇರೆಯೂ ಇರಬಹುದು, ಆದರೆ ಸೆಲ್ಫ್ ಕೂಡ ಮೆಲ್ಲಗಾಗಿದೆ ಅಂದರೆ ಬ್ಯಾಟರಿ ಅರ್ಧ ಹೊಟ್ಟೆಯಲ್ಲಿದೆ ಅಂತಲೇ ನನ್ನ ಊಹೆ. ಒಮ್ಮೆ ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ. ಆಮೇಲೆ ವಾರಕ್ಕೊಮ್ಮೆ ಹರಿಹರದ ತನಕ ಹೋಗಿ ಬನ್ನಿ, ಹೊಳೆ ನೋಡಿದ ಹಾಗೂ ಆಯಿತು. ಮನೆ ಮುಂದೆ ಅರ್ಧ ಗಂಟೆ ಸುಮ್ನೆ ಇಂಜಿನ್ ಓಡಿಸಿ ನಿಲ್ಲಿಸುವುದರಲ್ಲಿ ಪೆಟ್ರೋಲ್ ಹೋಗುತ್ತದೆ, ಬ್ಯಾಟರಿಗೆ ಸಿಗುವುದು ಸ್ವಲ್ಪ. ಮುಂದೆ ಬದಲಿಸುವ ದಿನ ಬಂದರೆ ಅಂಗಡಿಯವರು ‘ಇದೂ ಅದೇ ಸೈಜು’ ಅಂತ ಮಾಮೂಲಿ ಬ್ಯಾಟರಿ ಕೊಟ್ಟರೆ ತಗೋಬೇಡಿ. ನಿಮ್ಮದಕ್ಕೆ ಇಎಫ್‌ಬಿ ಅಥವಾ ಎಜಿಎಂ ಅಂತ ಬರೆದಿರುತ್ತದೆ, ಪದೇ ಪದೇ ಸ್ಟಾರ್ಟ್ ಆಗುವ ಗಾಡಿಗೆ ಅಂತಲೇ ಮಾಡಿದ ಬ್ಯಾಟರಿಗಳವು. ಈಗ ಇರುವುದರ ಮೇಲೆ ಏನಿದೆಯೋ ಅದೇ ಹಾಕಿಸಿ.

ಪ್ರಶ್ನೆ: ಫಾಸ್ಟ್ಯಾಗ್ ಅಂಟಿಸಿದ ಮೇಲೆ ಬ್ಯಾಟರಿ ಬೇಗ ಇಳಿಯುತ್ತಿದೆ. ಅದನ್ನು ಕೀಳಲೇ?
— ಓದುಗರು, ಜಗಳೂರು

ಉತ್ತರ: ಕೀಳಬೇಡಿ, ಟೋಲ್‌ನಲ್ಲಿ ಜಾಸ್ತಿ ದುಡ್ಡು ಕೇಳ್ತಾರೆ. ಅದರಲ್ಲಿ ಬ್ಯಾಟರಿಯೂ ಇಲ್ಲ, ನಿಮ್ಮ ಬ್ಯಾಟರಿಗೆ ವೈರೂ ಇಲ್ಲ. ಟೋಲ್ ಮೇಲಿನ ಯಂತ್ರ ಬಿಡುವ ರೇಡಿಯೋ ಅಲೆಯಿಂದಲೇ ಅದಕ್ಕೆ ಆ ಕ್ಷಣಕ್ಕೆ ಬೇಕಾದ ಶಕ್ತಿ ಸಿಗುತ್ತದೆ. ಆದರೆ ಅದನ್ನು ಅಂಟಿಸಿದ ಅಂಗಡಿಯಲ್ಲೇ ಅವತ್ತು ಡ್ಯಾಶ್‌ಕ್ಯಾಮ್ ಅಥವಾ ಜಿಪಿಎಸ್ ಏನಾದರೂ ಹಾಕಿಸಿಕೊಂಡಿರಾ? ಹಾಕಿಸಿದ್ದರೆ ಅದರ ವೈರು ಎಲ್ಲಿ ಸೇರಿದೆ ನೋಡಿ, ಮತ್ತೆ ಬರೆಯಿರಿ.